ಏಳಲೊಲ್ಲದ ಡಬ್ಬಿ

"ಎದ್ದೈತೇನು?"

ಬೆಳಿಗ್ಗೆ ನಾನು ಆಫೀಸಿಗೆ ಹೊರಡುವ ಗಡಿಬಿಡಿಯಲ್ಲಿರುವಾಗಲೇ ಅಕ್ಕನ ಫೋನು ಬರುತ್ತಿತ್ತು. ಹಲೋ ಇಲ್ಲ, ಚಹಾ ಆಯಿತೇ ಎಂಬ ಮಾತಿಲ್ಲ, ನೇರವಾಗಿ ಇದೇ ಪ್ರಶ್ನೆ. ಪಕ್ಕದಲ್ಲಿ ನಿಂತು ಕೇಳಿದವರು ನಮ್ಮ ಮನೆಯಲ್ಲಿ ಯಾರೋ ಜ್ವರ ಬಂದು ಮಲಗಿದ್ದಾರೆ ಎಂದೇ ತಿಳಿಯಬೇಕು.

"ಇಲ್ಲಕ್ಕಾ, ಇನ್ನೂ ಎದ್ದಿಲ್ಲ."

"ನಿನ್ನೀನೂ ಹಿಂಗ ಅಂದಿ."

"ನಿನ್ನೀನೂ ಎದ್ದಿದ್ದಿಲ್ಲ. ಅದಕ್ಕ ಅಂದೆ."

"ಕಲ್ತಾಕಿ ಅಂತ ನಿನಗ ಹೇಳಿದ್ನಿ. ಇಲ್ಲಿ ಆಕಿ ಗ್ವಾಡಿ ಆಚೆ ನಿಂತು ನಗಾಕತ್ಯಾಳ."

'ಆಕಿ' ಎಂದರೆ ಅಕ್ಕನ ನೆಗೆಣ್ಣಿ, ಅವಳ ಮೈದುನನ ಹೆಂಡತಿ. ಏಳದೆ ಮಲಗಿದ್ದು ಮನುಷ್ಯರಲ್ಲ, ನನ್ನ ಒಂದು ಸಣ್ಣ ಕಂಪ್ಯೂಟರು. ಅಂಗೈಯಗಲದ ಹಸಿರು ಬೋರ್ಡು, ಅದರ ಮೇಲೊಂದು ಪ್ಲಾಸ್ಟಿಕ್ ಮುಚ್ಚಳ. ಅಕ್ಕ ಅದನ್ನು ಮೊದಲ ದಿನದಿಂದಲೂ ಡಬ್ಬಿ ಎಂದೇ ಕರೆದಳು. ಕೊನೆಗೆ ನಾನೂ ಹಾಗೇ ಕರೆಯತೊಡಗಿದೆ.

ಅಕ್ಕನನ್ನು ಕೊಟ್ಟಿದ್ದು ಯಲಬುರ್ಗಾ ಕಡೆಯ ತಳಕಲ್ಲಿಗೆ. ಅಲ್ಲಿ ಅಣ್ಣ ತಮ್ಮಂದಿರು ಬೇರೆಯಾದಾಗ ಇದ್ದ ಒಂದೇ ಮನೆಯ ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿಕೊಂಡರು. ಹಿತ್ತಲಲ್ಲಿ ಮಾತ್ರ ಆ ಗೋಡೆ ಸೊಂಟದ ಮಟ್ಟಕ್ಕೆ ನಿಂತಿತು. ಕಲ್ಲು ಸಾಲಲಿಲ್ಲವೋ ಮನಸ್ಸಾಗಲಿಲ್ಲವೋ ಗೊತ್ತಿಲ್ಲ. ನೆಗೆಣ್ಣಿ ಕುಷ್ಟಗಿ ಕಡೆಯವಳು, ಮಾತು ಕಡಿಮೆ. ನಮ್ಮಕ್ಕ ಅದಕ್ಕೆ ಸರಿಯಾಗಿ ವಿರುದ್ಧ. ಆದರೂ ಇಬ್ಬರೂ ಆ ಗೋಡೆಯ ಮೇಲಿಂದಲೇ ಸಾರು, ಕರಿಬೇವು, ಊರ ಸುದ್ದಿ ಎಲ್ಲವನ್ನೂ ದಾಟಿಸಿಕೊಂಡು ವರ್ಷಗಟ್ಟಲೆ ಚೆನ್ನಾಗಿಯೇ ಇದ್ದರು.

ಆಮೇಲೆ ಅಕ್ಕನ ಕೋಳಿಗಳ ತತ್ತಿ ಕಾಣೆಯಾಗತೊಡಗಿದವು.

ಅಕ್ಕ ಸಾಕಿದ್ದು ನಾಟಿ ಕೋಳಿಗಳನ್ನು. ಗೂಡಿನ ಮೇಲೆ ತಗಡು, ಒಳಗೆ ಹುಲ್ಲು ಹಾಸಿದ ಬುಟ್ಟಿಗಳು. ಕೋಳಿ ಕೂಗುತ್ತದೆ, ಹೋಗಿ ನೋಡಿದರೆ ಬುಟ್ಟಿ ಖಾಲಿ. ಹಾವಿರಬಹುದು, ಮುಂಗುಲಿ ಇರಬಹುದು ಎಂದು ನಾನು ಹೇಳಿದೆ. ಮಾವನವರು, ಅಂದರೆ ಅಕ್ಕನ ಗಂಡ, "ವಯಸ್ಸಾತು ಕೋಳೀಗೆ" ಎಂದರು. ಅಕ್ಕನಿಗೆ ಇದಾವುದೂ ಒಪ್ಪಿಗೆಯಾಗಲಿಲ್ಲ. ನೆಗೆಣ್ಣಿಯ ಅಡುಗೆಮನೆಯಿಂದ ತತ್ತಿ ಪಲ್ಯದ ವಾಸನೆ ಬರುವುದು ಹೆಚ್ಚಾಗಿದೆ ಎಂದು ಅವಳು ಕಂಡುಕೊಂಡಿದ್ದಳು. ವಾಸನೆ ಒಂದೇ ಸಾಕ್ಷಿ. ಅಷ್ಟಕ್ಕೇ ಗೋಡೆಯ ಮೇಲಿನ ಮಾತು ನಿಂತಿತು.

ಇದರಲ್ಲಿ ನನ್ನನ್ನು ಎಳೆದದ್ದು ನನ್ನ ಕೆಲಸ. ನಾನು ಕೊಪ್ಪಳದ ಒಂದು ಕಚೇರಿಯಲ್ಲಿ ಕಂಪ್ಯೂಟರ್ ಮುಂದೆ ಕೂತು ದಿನವಿಡೀ ಟೈಪು ಮಾಡುವವಳು. ನಮ್ಮ ಬೀಗರು ಬಿಜ್ಜರ ದೃಷ್ಟಿಯಲ್ಲಿ ಅಷ್ಟಾದರೆ ಕರೆಂಟಿನಿಂದ ನಡೆಯುವ ಎಲ್ಲವೂ ನನಗೆ ಬರುತ್ತದೆ. ಮೊಬೈಲಿನ ಲಾಕ್ ಮರೆತವರು, ಮಿಕ್ಸರ್ ಸುಟ್ಟವರು, ಟಿವಿಯಲ್ಲಿ ಧಾರಾವಾಹಿ ಬರದವರು, ಎಲ್ಲರೂ ನನಗೇ ಫೋನ್ ಮಾಡುತ್ತಾರೆ. ನನಗೂ ಒಳಗೊಳಗೆ ಅದೊಂದು ಹೆಮ್ಮೆ. ವಿಡಿಯೋ ನೋಡಿ ನೋಡಿ ಈ ಸಣ್ಣ ಬೋರ್ಡಿನ ಹುಚ್ಚು ಹಿಡಿಸಿಕೊಂಡು ಒಂದನ್ನು ತರಿಸಿ ಇಟ್ಟುಕೊಂಡಿದ್ದೆ. ಅದಕ್ಕೊಂದು ಕ್ಯಾಮೆರಾ ಸಿಗಿಸಿದರೆ, ಎದುರಿಗೆ ಏನಾದರೂ ಅಲುಗಾಡಿದಾಗ ತಾನೇ ಫೋಟೊ ತೆಗೆದು ಇಟ್ಟುಕೊಳ್ಳುತ್ತದೆ ಎಂದು ಅಕ್ಕನ ಮುಂದೆ ಬಾಯಿ ಬಿಟ್ಟೆ. ಅಲ್ಲಿಂದ ಶುರುವಾಯಿತು.

ಗೂಡಿನ ತಗಡಿನ ಕೆಳಗೆ ಡಬ್ಬಿ ಕಟ್ಟಿದೆ. ಯಾರಾದರೂ ಕೇಳಿದರೆ ಬೆಕ್ಕು ಕಾಯಲು ಹಚ್ಚಿದ್ದು ಎಂದು ಹೇಳುವುದೆಂದು ಅಕ್ಕ ಗೊತ್ತು ಮಾಡಿದಳು. ಮುಂದಿನ ಭಾನುವಾರ ಹೋಗಿ ಇಬ್ಬರೂ ಅವಳ ಟಿವಿಗೆ ಜೋಡಿಸಿ ನೋಡಿದರೆ ಬರೀ ಕೋಳಿಗಳ ಬೆನ್ನು. ಕೋಳಿ ಒಳಗೆ ಬಂತು, ಕೋಳಿ ಹೊರಗೆ ಹೋಯಿತು, ಹುಂಜ ಕ್ಯಾಮೆರಾಕ್ಕೆ ಕುಕ್ಕಿತು. ಒಂದೇ ಒಂದು ಫೋಟೊದ ಮೂಲೆಯಲ್ಲಿ ಮಾತ್ರ ಹಳದಿಯದೇನೋ ಮಸುಕಾಗಿ ಬಿದ್ದಿತ್ತು.

"ಇದು ಆಕಿ ಸೀರಿ!" ಅಕ್ಕ ಎದ್ದೇ ನಿಂತಳು.

"ಸೀರಿ ಅಂತ ಹೆಂಗ ಹೇಳ್ತಿ? ಎಲಿ ಇರಬಹುದು, ಬಿಸಲ ಇರಬಹುದು."

"ಆ ಹಳದಿ ಸೀರಿ ನಾನ ಆರಿಸಿ ಕೊಟ್ಟೀನಿ. ನನಗ ಗೊತ್ತಾಗಂಗಿಲ್ಲೇನು? ಇನ್ನೊಂದ ವಾರ ಬಿಡು. ಮುಖಾನ ಬೀಳ್ತೈತಿ."

ಇನ್ನೊಂದು ವಾರ ಬರುವ ಮೊದಲೇ ಡಬ್ಬಿ ಸತ್ತಿತು. ಇಂಥ ಬೋರ್ಡಿಗೆ ಕರೆಂಟು ಕೊಟ್ಟರಷ್ಟೇ ಸಾಲದು. ಎದ್ದು ಏನು ಮಾಡಬೇಕೆಂಬುದನ್ನೆಲ್ಲ ಅದು ಉಗುರಿನಷ್ಟಗಲದ ಒಂದು ಮೆಮೊರಿ ಕಾರ್ಡಿನಿಂದ ಓದಿಕೊಳ್ಳಬೇಕು. ತಳಕಲ್ಲಿನಲ್ಲಿ ಕರೆಂಟು ಹೋಗುವುದೂ ಬರುವುದೂ ಬಾಗಿಲು ಬಡಿದ ಹಾಗೆ. ಓದುವಾಗ ಬರೆಯುವಾಗ ಹಾಗೆ ಬಡಿಸಿಕೊಂಡು ಕಾರ್ಡು ಕೆಟ್ಟುಹೋಗಿತ್ತು. ಆಕಿಯೇ ವೈರು ಕಿತ್ತಿದ್ದಾಳೆ ಎಂದು ಅಕ್ಕ. ಅಲ್ಲ ಎಂದು ನಾನು. ಡಬ್ಬಿಯನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಕೊಪ್ಪಳಕ್ಕೆ ಬಂದೆ.

ಅಲ್ಲಿಗೆ ಇನ್ನೊಂದು ಕಾರ್ಡು ತಂದು ಹಾಕಿದ್ದರೆ ಮುಗಿದಿತ್ತು. ಆದರೆ ವಿಡಿಯೋದವರೆಲ್ಲ ಒಂದೇ ಮಾತು ಹೇಳುತ್ತಿದ್ದರು: ಕಾರ್ಡು ಬಾಳಿಕೆ ಬರುವುದಿಲ್ಲ, ಯುಎಸ್‌ಬಿ ಡ್ರೈವಿನಿಂದ ಎಬ್ಬಿಸಿ, ಅದೇ ಗಟ್ಟಿ. ಮನೆಯಲ್ಲಿ ಒಡೆದುಹೋದ ಹಳೆಯ ಲ್ಯಾಪ್‌ಟಾಪೊಂದರ ಡ್ರೈವು ಇತ್ತು. ಅದನ್ನು ಒಂದು ಸಣ್ಣ ಕವಚದಲ್ಲಿ ಹಾಕಿದರೆ ಯುಎಸ್‌ಬಿಗೆ ಸಿಗಿಸಬಹುದು. ಆ ಕವಚವನ್ನು ನಮ್ಮ ಮನೆಯವರು ಗಂಗಾವತಿಯಿಂದ ತಂದುಕೊಟ್ಟರು. ಅವರು ಅಲ್ಲಿ ಒಂದು ರೈಸ್ ಮಿಲ್ಲಿನ ಆಫೀಸಿನಲ್ಲಿ ಕೆಲಸ ಮಾಡುತ್ತಾರೆ, ದಿನಾ ಹೋಗಿ ಬರುತ್ತಾರೆ. ತಂದು ಕೊಡುವಾಗಲೇ ಕೇಳಿದರು, "ಇದು ಹಚ್ಚಿದ ಕೂಡಲೇ ನಡೀತೈತಿ ಹೌದಿಲ್ಲೋ?"

"ಹಚ್ಚಿದ ಕೂಡಲೇ," ಎಂದೆ.

ನಮ್ಮ ಮನೆಯಲ್ಲಿ ಇದಕ್ಕೆ ಪರದೆ ಎಂದರೆ ಟಿವಿ ಒಂದೇ. ಆಫೀಸಿನ ಕಂಪ್ಯೂಟರಿನಿಂದ ಡ್ರೈವಿಗೆ ಬೇಕಾದ್ದನ್ನೆಲ್ಲ ಬರೆದು, ಬೋರ್ಡಿಗೆ ಸಿಗಿಸಿ, ಟಿವಿಗೆ ಜೋಡಿಸಿ ಸ್ವಿಚ್ಚು ಒತ್ತಿದೆ. ಕೆಂಪು ದೀಪ ಬಂತು. ಅಂದರೆ ಕರೆಂಟು ಸಿಕ್ಕಿದೆ. ಹಸಿರು ದೀಪ ಪಕಪಕ ಎಂದಿತು. ಅಂದರೆ ಓದುತ್ತಿದೆ. ಟಿವಿಯಲ್ಲಿ ಕಾಮನಬಿಲ್ಲಿನ ಬಣ್ಣದ ಒಂದು ಚೌಕ ಮೂಡಿತು. ನಾನು ನಮ್ಮ ಮನೆಯವರ ಮುಖ ನೋಡಿದೆ. ಬಣ್ಣ ಹೋಗಿ ಪರದೆ ಕಪ್ಪಾಯಿತು. ಹಸಿರು ದೀಪ ನಿಂತಿತು. ಕಾದೆವು. ಮತ್ತೆ ಬಣ್ಣ, ಮತ್ತೆ ಕಪ್ಪು. ನಿದ್ದೆಗಣ್ಣಿನವರು ಒಂದು ಮಗ್ಗುಲಿಂದ ಇನ್ನೊಂದು ಮಗ್ಗುಲಿಗೆ ಹೊರಳುತ್ತಾರಲ್ಲ, ಹಾಗೆ.

"ಮ್ಯಾಚ್ ಶುರು ಆಗಿರಬೇಕು," ಎಂದರು ಅವರು ಮೆಲ್ಲಗೆ.

ಮರುದಿನದಿಂದ ಅಕ್ಕನ ಫೋನು. ಮೊದಲ ಸಲ ನಾನು "ಬೂಟ್ ಆಗವಲ್ದು ಅಕ್ಕಾ" ಎಂದಿದ್ದೆ. "ಕಾಲಿಗೆ ಹಾಕ್ಕೊಳ್ಳೋ ಬೂಟೇನು?" ಎಂದಳು. ಆವತ್ತಿನಿಂದ ಏಳುವುದು, ಮಲಗುವುದು ಎಂದೇ ನಮ್ಮ ಮಾತು.

ಡ್ರೈವನ್ನು ಪೂರಾ ಅಳಿಸಿ ಮತ್ತೆ ಬರೆದೆ. ಏಳಲಿಲ್ಲ. ಬೇರೆ ಕೇಬಲ್ಲು ಹಾಕಿದೆ. ಏಳಲಿಲ್ಲ. ಬೋರ್ಡಿನಲ್ಲಿ ಯುಎಸ್‌ಬಿಗೆ ನೀಲಿ ಬಾಯಿಗಳೂ ಇವೆ, ಕಪ್ಪು ಬಾಯಿಗಳೂ ಇವೆ. ನೀಲಿಯವು ಚುರುಕು, ಕಪ್ಪಿನವು ನಿಧಾನ. ನೀಲಿಯಿಂದ ತೆಗೆದು ಕಪ್ಪಿಗೆ ಹಾಕಿ ನೋಡಿದೆ. ಆಗಲೂ ಏಳಲಿಲ್ಲ. ಸರಿ, ಬಾಯಿಯದೇನೂ ತಪ್ಪಿಲ್ಲ ಎಂದು ಮತ್ತೆ ನೀಲಿಗೇ ಹಾಕಿದೆ. ಇದೊಂದು ತೀರ್ಮಾನ ನನ್ನನ್ನು ಮುಂದೆ ಎಷ್ಟು ಅಲೆದಾಡಿಸಲಿದೆ ಎಂಬುದು ಆಗ ಗೊತ್ತಿರಲಿಲ್ಲ.

ಸೂಕ್ಷ್ಮವಾಗಿ ನೋಡಿದರೆ ಟಿವಿಯ ಮೂಲೆಯಲ್ಲಿ ಸಿಡಿಲಿನಂಥ ಒಂದು ಹಳದಿ ಗುರುತು ಮಿಂಚಿ ಮಾಯವಾಗುತ್ತಿತ್ತು. ಕರೆಂಟು ಸಾಲುತ್ತಿಲ್ಲ ಎಂದು ಅದರರ್ಥ. ನಾನು ಹಾಕಿದ್ದು ಹಳೆಯ ಮೊಬೈಲಿನ ಚಾರ್ಜರು. ಕಾರ್ಡು ಇದ್ದಾಗ ಅದು ಹೇಗೋ ತೂಗಿಸಿಕೊಂಡು ಹೋಗುತ್ತಿತ್ತು. ಈಗ ಡ್ರೈವಿನ ಹೊಟ್ಟೆಯೂ ತುಂಬಬೇಕಲ್ಲ. ಆಫೀಸು ಮುಗಿಸಿ ಬಸ್ ಸ್ಟ್ಯಾಂಡ್ ಹತ್ತಿರದ ಮೊಬೈಲ್ ಅಂಗಡಿಗೆ ಹೋಗಿ, ಇಂತಿಷ್ಟು ಶಕ್ತಿಯ ಚಾರ್ಜರು ಬೇಕು ಎಂದು ಕೇಳಿದೆ.

"ಇದು ಒಯ್ರಿ ಮೇಡಂ, ಫಾಸ್ಟ್ ಚಾರ್ಜಿಂಗ್ ಐತಿ," ಎಂದು ಅಂಗಡಿಯವನು ಒಂದನ್ನು ಮುಂದಿಟ್ಟ.

"ಇದು ಫೋನಿಗಲ್ಲ. ಒಂದು ಬೋರ್ಡಿಗೆ."

"ಎಲ್ಲಾದಕ್ಕೂ ನಡೀತೈತ್ರಿ."

"ಎಲ್ಲಾದಕ್ಕೂ ನಡ್ಯಾಂಗಿಲ್ಲ. ಅದರ ಮ್ಯಾಲೆ ಬರೆದಿದ್ದು ಒಮ್ಮೆ ತೋರಸ್ರಿ."

"ನಮ್ಮ ಮಾತಿನ ಮ್ಯಾಲೆ ನಂಬಿಕಿ ಇಲ್ಲೇನ್ರಿ?" ಎಂದು ಅವನು ಮುಖ ಸಣ್ಣಗೆ ಮಾಡಿದ. ನಂಬಿಕೆ ಇಟ್ಟು ತಂದೆ. ಫೋನುಗಳಿಗೆ ಅದು ಚುರುಕಾಗಿಯೇ ಇತ್ತು, ಬೋರ್ಡಿನ ಮುಂದೆ ಮಾತ್ರ ಮಂಕಾಗುತ್ತಿತ್ತು. ವಾಪಸ್ ತೆಗೆದುಕೊಂಡು ಹೋದರೆ ಅವನು ನನ್ನ ಬೋರ್ಡೇ ಸರಿಯಿಲ್ಲ ಎಂದ. ನೋಡದೆಯೇ ಹೇಳಿದ. ಕೊನೆಗೆ ಆ ಬೋರ್ಡಿಗೆಂದೇ ಮಾಡಿದ ಚಾರ್ಜರನ್ನು ಊರ ಹೊರಗಿನಿಂದ ತರಿಸಿಕೊಂಡೆ. ಅದು ಬರುವ ತನಕ ದಿನಾ ಬೆಳಿಗ್ಗೆ ಅಕ್ಕನಿಗೆ "ಚಾರ್ಜರು ಬರಬೇಕು" ಎಂದು ಹೇಳುವುದು, ಅವಳು "ಯಾವ ಊರಿಂದ ಬರಾಕತ್ತೈತಿ, ನಡಕೋತ ಬರಾಕತ್ತೈತೇನು" ಎನ್ನುವುದು.

ಚಾರ್ಜರು ಬಂತು. ಹಳದಿ ಸಿಡಿಲು ಮಾಯವಾಯಿತು. ಡಬ್ಬಿ ಏಳಲಿಲ್ಲ.

ಅದೇ ಬಣ್ಣದ ಚೌಕ, ಅದೇ ಕಪ್ಪು. ನಾನು ಟಿವಿಯ ಮುಂದೆ ನೆಲದ ಮೇಲೆ ಕೂತು ರಿಮೋಟನ್ನು ದಿಂಬಿನ ಮೇಲೆ ಎಸೆದೆ. ನಮ್ಮ ಮನೆಯವರು ಅದನ್ನು ಎತ್ತಿಕೊಂಡು, ಬ್ಯಾಟರಿ ಹೊರಬಿದ್ದಿದೆಯೋ ಎಂದು ನೋಡಿ, ಏನೂ ಅನ್ನದೆ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತರು. ಮದುವೆಯಾದಾಗಿನಿಂದ ಅವರು ನನಗೆ ಕೊಟ್ಟ ಶಿಕ್ಷೆಗಳಲ್ಲೆಲ್ಲ ಈ ಏನೂ ಅನ್ನದಿರುವುದೇ ದೊಡ್ಡದು.

ಮತ್ತೆ ಓದಿದೆ. ಹಳೆಯ ಬೋರ್ಡುಗಳು ಮೊದಲು ಕಾರ್ಡು ಹುಡುಕುತ್ತವೆ, ಯುಎಸ್‌ಬಿ ಕಡೆ ಸರಿಯಾಗಿ ನೋಡುವುದಿಲ್ಲ, ಅವುಗಳ ಒಳಗಿನ ಒಂದು ಸಣ್ಣ ಪ್ರೋಗ್ರಾಮನ್ನು ಹೊಸದು ಮಾಡಬೇಕು ಎಂದು ಯಾರೋ ಬರೆದಿದ್ದರು. ಹೊಸದು ಮಾಡಬೇಕಾದರೆ ಬೋರ್ಡು ಏಳಬೇಕು. ಏಳಬೇಕಾದರೆ ಕಾರ್ಡು ಬೇಕು. ಅಂದರೆ ಕಾರ್ಡಿಲ್ಲದೆ ಎಬ್ಬಿಸುವುದಕ್ಕಾಗಿ ನಾನು ಒಂದು ಕಾರ್ಡು ಕೊಳ್ಳಬೇಕು. ಇದನ್ನು ಮನೆಯವರಿಗೆ ವಿವರಿಸಲು ಹೋಗಲಿಲ್ಲ. ಸುಮ್ಮನೆ ಹೋಗಿ ತಂದೆ.

ಕಾರ್ಡು ಹಾಕಿದ ಕೂಡಲೇ ಡಬ್ಬಿ ಎದ್ದಿತು. ಟಿವಿಯ ಮೇಲೆ ನೆಟ್ಟಗೆ ಚಿತ್ರ. ಕ್ಯಾಮೆರಾ ತಿರುಗಿಸಿದರೆ ನಮ್ಮ ಅಡುಗೆಮನೆಯ ಬಾಗಿಲು, ಬಾಗಿಲಲ್ಲಿ ಚಹಾದ ಬಟ್ಟಲು ಹಿಡಿದು ನಿಂತ ನಮ್ಮ ಮನೆಯವರು.

"ಎದ್ದೈತಲ್ಲ!" ಎಂದರು. ಅವರ ಮುಖದಲ್ಲಿ ಎಷ್ಟೋ ದಿನಗಳ ಮೇಲೆ ನಗು.

"ಇದು ಕಾರ್ಡಿನಿಂದ ಎದ್ದದ್ರಿ. ಡ್ರೈವಿನಿಂದ ಅಲ್ಲ."

"ಎದ್ದೈತೋ ಇಲ್ಲೋ?"

"ಎದ್ದೈತಿ, ಆದ್ರ..."

"ಆದ್ರ ಏನು? ನಡ್ಯಾಕತ್ತೈತಿ. ಇದನ್ನ ಒಯ್ದು ನಿಮ್ಮಕ್ಕಗ ಕೊಟ್ಟು ಬಾ. ಆ ತಾಯಿ ದಿನಾ ಫೋನ್ ಮಾಡಾಕತ್ಯಾಳ. ನಾ ಮ್ಯಾಚ್ ನೋಡ್ತೀನಿ."

ಅವರು ಹೇಳಿದ್ದು ಸರಿ. ಪೂರ್ತಿ ಸರಿ. ಅವತ್ತೇ ಒಯ್ದುಕೊಟ್ಟಿದ್ದರೆ ಯಾರಿಗೂ ತೊಂದರೆ ಇರುತ್ತಿರಲಿಲ್ಲ. ಆದರೆ ಅಷ್ಟು ದಿನ ಅದು ನನ್ನನ್ನು ಆಡಿಸಿದ ಮೇಲೆ, ಕಾರ್ಡು ಹಾಕಿಕೊಂಡು ಸೋಲೊಪ್ಪುವ ಮನಸ್ಸು ನನಗಿರಲಿಲ್ಲ. "ಮತ್ತ ಕೆಡತೈತ್ರಿ ಅದು" ಎಂದೆ. ಕಾರ್ಡಿನಿಂದ ಎಬ್ಬಿಸಿ, ಒಳಗಿನ ಪ್ರೋಗ್ರಾಮನ್ನು ಹೊಸದು ಮಾಡಿ, ಮೊದಲು ಯುಎಸ್‌ಬಿ ನೋಡು ಎಂದು ಬರೆದು, ಕಾರ್ಡು ಕಿತ್ತು, ಡ್ರೈವು ಸಿಗಿಸಿ ಸ್ವಿಚ್ಚು ಒತ್ತಿದೆ.

ಈ ಸಲ ಬಣ್ಣದ ಚೌಕದ ಮೇಲೆ ಅಕ್ಷರಗಳು ಓಡಿದವು. ಡ್ರೈವು ಕಂಡಿತು ಎಂದಿತು. ಓದುತ್ತಿದ್ದೇನೆ ಎಂದಿತು. ನಾನು ಟಿವಿಯ ಹತ್ತಿರಕ್ಕೆ ಸರಿದೆ. ಅರ್ಧ ಪರದೆ ತುಂಬಿದ ಮೇಲೆ ಅಕ್ಷರಗಳು ನಿಂತವು. ನಿಂತವು ಎಂದರೆ ನಿಂತವು. ಮಧ್ಯದಲ್ಲಿ ಮಾತು ಮರೆತವನ ಹಾಗೆ. ಇದು ಮೊದಲಿಗಿಂತ ಮುಂದಕ್ಕೆ ಬಂದು ನಿಂತದ್ದು, ಹಾಗಾಗಿ ಮೊದಲಿಗಿಂತ ಹೆಚ್ಚು ಸಿಟ್ಟು ಬರಿಸುವಂಥದ್ದು. ನಮ್ಮ ಮನೆಯವರು ಬಟ್ಟಲು ತೆಗೆದುಕೊಂಡು ಕಟ್ಟೆಗೆ ಹೋದರು.

ಆ ವಾರ ಅಕ್ಕನ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ಗುರುವಾರ ಬೆಳಿಗ್ಗೆ ಅವಳು ಎಂದಿನ ಪ್ರಶ್ನೆ ಕೇಳಿದಾಗ, "ಎದ್ದ ದಿನ ನಾನ ಹೇಳ್ತೀನಿ. ದಿನಾ ಕೇಳಬ್ಯಾಡ," ಎಂದು ಫೋನು ಇಟ್ಟೆ. ಶುಕ್ರವಾರ ಅವಳ ಫೋನು ಬರಲಿಲ್ಲ. ಶನಿವಾರವೂ ಬರಲಿಲ್ಲ. ಸಿಟ್ಟಾಗಿದ್ದಾಳೆ, ಆಗಲಿ ಎಂದುಕೊಂಡೆ.

ಭಾನುವಾರ ಬೆಳಿಗ್ಗೆ ಆ ಡ್ರೈವನ್ನು ಕಿತ್ತು ಮೂಲೆಗೆ ಹಾಕಬೇಕು ಎಂದು ಎಳೆದೆ. ಎಳೆದ ಮೇಲೆ ಏನು ಅನ್ನಿಸಿತೋ, ಹಾಳಾಗಿ ಹೋಗು ಎಂದುಕೊಂಡೇ ಅದನ್ನು ಕೈಗೆ ಸಿಕ್ಕ ಬಾಯಿಗೆ ತುರುಕಿದೆ. ಕಪ್ಪು ಬಾಯಿ. ಒಂದು ಸಲ ನೋಡಿ, ಉಪಯೋಗವಿಲ್ಲ ಎಂದು ಬಿಟ್ಟಿದ್ದೆನಲ್ಲ, ಅದೇ. ಸ್ವಿಚ್ಚು ಒತ್ತಿದೆ. ಅಕ್ಷರಗಳು ಓಡಿದವು, ಓಡುತ್ತಲೇ ಹೋದವು, ಪರದೆ ಒಂದು ಕ್ಷಣ ಕಪ್ಪಾಯಿತು, ಆಮೇಲೆ ಚಿತ್ರ ಮೂಡಿತು. ಡಬ್ಬಿ ಎದ್ದಿತ್ತು.

ಕುಣಿಯಬೇಕಿತ್ತು. ಕುಣಿಯಲಿಲ್ಲ. ತಲೆ ಮೇಲೆ ಕೈ ಹೊತ್ತು ಕೂತೆ. ಒಂದೇ ರೋಗ ಇದೆ ಎಂದುಕೊಂಡು ನಾನು ಒಂದೊಂದೇ ಔಷಧ ಕೊಟ್ಟು ನೋಡುತ್ತಿದ್ದೆ. ರೋಗ ಒಂದಕ್ಕಿಂತ ಹೆಚ್ಚಿದ್ದವು. ಗಂಗಾವತಿಯಿಂದ ಬಂದ ಕವಚಕ್ಕೂ ನೀಲಿ ಬಾಯಿಗೂ ಹೊಂದುತ್ತಿರಲಿಲ್ಲ. ಕಪ್ಪು ಬಾಯಿಗೆ ಹಾಕಿ ನೋಡಿದ್ದೆ, ನಿಜ, ಆದರೆ ಆಗ ಕರೆಂಟು ಸಾಲುತ್ತಿರಲಿಲ್ಲ, ಒಳಗಿನ ಪ್ರೋಗ್ರಾಮೂ ಹಳೆಯದಿತ್ತು. ಕರೆಂಟು ಸರಿಮಾಡಿದೆ, ಆಗ ಡ್ರೈವು ಮತ್ತೆ ನೀಲಿ ಬಾಯಿಯಲ್ಲಿತ್ತು. ಸರಿಯಾದ ಉತ್ತರವನ್ನು ನಾನೇ ಕೈಯಾರೆ ಎತ್ತಿ, ನೋಡಿ, ಬದಿಗಿಟ್ಟಿದ್ದೆ. ಇದಕ್ಕಿಂತ ಉರಿ ಹತ್ತಿಸುವಂಥದ್ದು ಇನ್ನೇನಿದೆ?

ಅಕ್ಕನಿಗೆ ಫೋನು ಮಾಡದೆ ನೇರ ಹೋಗಿ ತೋರಿಸಬೇಕೆಂದು ಡಬ್ಬಿಯನ್ನು ಬಟ್ಟೆಯಲ್ಲಿ ಸುತ್ತಿ ಬಸ್ಸು ಹತ್ತಿದೆ.

ಅಕ್ಕನ ಮನೆಯ ಬಾಗಿಲು ತೆರೆದಿತ್ತು. ಒಳಗೆ ಹೋಗಿ ಹಿತ್ತಲಿಗೆ ಕಾಲಿಟ್ಟರೆ, ಬೇವಿನ ಗಿಡದ ನೆರಳಲ್ಲಿ ಅಕ್ಕ ಕೂತಿದ್ದಾಳೆ. ಅವಳ ಎದುರಿಗೆ ನೆಗೆಣ್ಣಿ. ನಡುವೆ ಒಂದೇ ಮೊರ. ಇಬ್ಬರೂ ಅದಕ್ಕೇ ಕೈ ಹಾಕಿ ಬೇಳೆಯಲ್ಲಿ ಹರಳು ಆರಿಸುತ್ತಿದ್ದಾರೆ.

"ಬಾರವಾ ತಂಗೀ, ಬಿಸಲಾಗ ಬಂದಿ," ಎಂದವಳು ನೆಗೆಣ್ಣಿ.

ನಾನು ಅಕ್ಕನ ಮುಖ ನೋಡಿದೆ. "ಏನಕ್ಕಾ ಇದು?"

"ತೊಗರಿ ಬ್ಯಾಳಿ."

"ನಾ ಬ್ಯಾಳಿ ಕೇಳಾಕತ್ತಿಲ್ಲ."

ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗುತ್ತಿದ್ದಳೋ ನಾಚಿದಳೋ ತಿಳಿಯಲಿಲ್ಲ. ಆಮೇಲೆ ಹೇಳಿದಳು. ಗುರುವಾರ ನಾನು ಸಿಡುಕಿ ಫೋನು ಇಟ್ಟೆನಲ್ಲ, ಆಗ ಅವಳಿಗೆ ತಡೆಯದಷ್ಟು ಸಿಟ್ಟು ಬಂದಿದೆ. ನನ್ನ ಮೇಲೆ, ಡಬ್ಬಿಯ ಮೇಲೆ, ಎಲ್ಲದರ ಮೇಲೆ. ಆ ಸಿಟ್ಟಿನಲ್ಲೇ ಗೋಡೆಯ ಹತ್ತಿರ ಹೋಗಿ, "ನಮ್ಮ ತತ್ತಿ ನೀ ತಗೊಳ್ಳಾಕತ್ತಿ ಏನು?" ಎಂದು ಕೇಳಿಯೇಬಿಟ್ಟಿದ್ದಾಳೆ. ನೆಗೆಣ್ಣಿ ಇವಳ ಕೈ ಹಿಡಿದು ಗೋಡೆ ದಾಟಿಸಿ ತನ್ನ ಬಣವಿಯ ಹತ್ತಿರ ಕರೆದುಕೊಂಡು ಹೋಗಿದ್ದಾಳೆ. ಮೇವಿನ ಬಣವಿಯ ಬುಡದಲ್ಲಿ ಒಂದು ಪೊಟರೆ. ಅದರೊಳಗೆ ಅಕ್ಕನ ಕೆಂಪು ಕೋಳಿ ರೆಕ್ಕೆ ಉಬ್ಬಿಸಿಕೊಂಡು ಕಾವಿಗೆ ಕೂತಿತ್ತು. ಕೆಳಗೆ ತುಂಬ ತತ್ತಿ.

"ತಗಡಿನ ಕೆಳಗ ಝಳ ತಡೀದ ಕೋಳಿ ಅಲ್ಲಿಗೆ ಹೋಗ್ಯಾವು ತಂಗಿ," ಎಂದಳು ಅಕ್ಕ. "ಈಕಿನೂ ತನ್ನ ಕೋಳೀವು ಅಂತ ತಿಳಕೊಂಡು ಒಂದಿಷ್ಟು ಒಯ್ದಾಳ. ಈಕಿಗೆ ಹೆಂಗ ಗೊತ್ತಾಗಬೇಕು?"

"ಆ ಹಳದಿ ಸೀರಿ?" ಎಂದೆ.

"ನಾನ ಅದು," ಎಂದಳು ನೆಗೆಣ್ಣಿ, ಮೊರದಿಂದ ಕಣ್ಣೆತ್ತದೆ. "ನಿಮ್ಮ ಕೋಳಿ ಸುಮ್ನ ನಮ್ಮ ಬಣವಿ ಕೆದರತಿತ್ತು. ಎಷ್ಟ ಸಲ ಬಗಲಾಗ ಹಿಡಕೊಂಡ ಬಂದು ಗೂಡಿನಾಗ ಬಿಟ್ಟೀನಿ."

"ಮತ್ತ ಅಕ್ಕಗ ಯಾಕ ಹೇಳಲಿಲ್ಲ?"

"ಆಕಿ ಮುಖ ಹೊಳ್ಳಿಸಿಕೊಂಡ ಹೋಗ್ತಿದ್ಲು. ಯಾರಿಗೆ ಹೇಳ್ಲಿ?" ಒಂದು ಹರಳು ಆರಿಸಿ ಎಸೆದಳು. "ಆ ಕ್ಯಾಮೆರಾ ಬೆಕ್ಕಿಗಲ್ಲ ಅನ್ನೋದು ನನಗ ಗೊತ್ತಿತ್ತವಾ. ಅದರ ಮುಖ ನಮ್ಮ ಗ್ವಾಡಿ ಕಡೆ ಇತ್ತು. ಆಕಿ ಇರಲಿ, ನೀನರೆ ಒಂದ ಮಾತು ನನ್ನ ಕೇಳಬಹುದಿತ್ತಲ್ಲ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದ ಡಬ್ಬಿ ಕೈಯಲ್ಲಿ ಭಾರವಾಯಿತು. ಇಷ್ಟು ದಿನ ಅದನ್ನು ಎಬ್ಬಿಸುವುದೇ ನನಗೆ ಲೋಕವಾಗಿತ್ತು. ಎದ್ದು ಅದು ಯಾರನ್ನು ನೋಡಬೇಕಾಗಿದೆ ಎಂಬುದು ನೆನಪಿಗೇ ಬಂದಿರಲಿಲ್ಲ. ನಾನು ಅಕ್ಕನ ಮೇಲೆ ಹರಿಹಾಯ್ದೆ.

"ಗುರುವಾರ ಮುಗಿದದ್ದು ನನಗ ಹೇಳಾಕ ಏನಾಗಿತ್ತು? ನಾ ಅಲ್ಲಿ ಸಾಯಾಕತ್ತೀನಿ! ಮೊದ್ಲ ದಿನಾನ ಗ್ವಾಡಿ ಹತ್ರ ಹೋಗಿ ಕೇಳಿದ್ರ ಇದ್ಯಾವುದೂ ಬೇಕಾಗಿರಲಿಲ್ಲ!"

"ಫೋನ್ ಮಾಡಬ್ಯಾಡ ಅಂದಿ ನೀನ," ಎಂದಳು ಅಕ್ಕ. ಆಮೇಲೆ ದನಿ ತಗ್ಗಿಸಿ, "ಕೇಳಾಕ ಧೈರ್ಯ ಆಗಲಿಲ್ಲವಾ. ಹೌದು ಅಂದಬಿಟ್ಟಿದ್ರ ನಾ ಏನ್ ಮಾಡಬೇಕಿತ್ತು? ದಿನಾ ಮುಖ ನೋಡೋರು. ಡಬ್ಬಿ ಹೇಳಿದ್ರ ನಾ ಕೇಳಿದಂಗ ಆಗಂಗಿಲ್ಲ ಅಂತ..." ಎಂದು ನಿಲ್ಲಿಸಿದಳು. ನೆಗೆಣ್ಣಿ ಮೊರವನ್ನು ತನ್ನ ಕಡೆಗೆ ಎಳೆದುಕೊಂಡು ಕೇರತೊಡಗಿದಳು.

"ಇರಲಿ, ತಂದೀಯಲ್ಲ, ತೋರಸು," ಎಂದಳು ಅಕ್ಕ, ನನ್ನನ್ನು ಸಮಾಧಾನ ಮಾಡುವ ಹಾಗೆ.

ತೋರಿಸಲು ಮನಸ್ಸಿರಲಿಲ್ಲ. ಆದರೂ ಅವಳ ಟಿವಿಗೆ ಜೋಡಿಸಿ, ಡ್ರೈವು ಸಿಗಿಸಿ, ಸ್ವಿಚ್ಚು ಒತ್ತಿದೆ. ಇಬ್ಬರೂ ಮದುವೆಯ ಫೋಟೊಕ್ಕೆ ನಿಂತವರ ಹಾಗೆ ಪಕ್ಕಪಕ್ಕದಲ್ಲಿ ನಿಂತರು. ಬಣ್ಣದ ಚೌಕ. ಅಕ್ಷರಗಳು. ಅರ್ಧಕ್ಕೆ ನಿಂತವು.

"ಏಳ್ತೈತಿ," ಎಂದೆ. ಮತ್ತೆ ಒತ್ತಿದೆ. ಅರ್ಧಕ್ಕೆ ನಿಂತಿತು.

"ಒಂದ ಪೆಟ್ಟು ಕೊಡು," ಎಂದಳು ನೆಗೆಣ್ಣಿ. "ನಮ್ಮ ಹಳೇ ಟಿವಿ ಹಂಗ ಏಳ್ತಿತ್ತು."

"ಇದಕ್ಕ ಪೆಟ್ಟು ಕೊಡಬಾರದು."

"ಹಂಗಾರ ಒಂದ ಗಳಿಗಿ ಆರಾಕ ಬಿಡು. ಕಾದಿರಬೇಕು," ಎಂದಳು ಅಕ್ಕ.

"ಇಬ್ಬರೂ ಸುಮ್ನ ನಿಂದರ್ತೀರೇನು?" ಎಂದು ಕೂಗಿಯೇಬಿಟ್ಟೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ತುಟಿ ಕಚ್ಚಿ ನಗು ತಡೆದರು. ಇಷ್ಟು ದಿನ ಮುಖ ನೋಡದವರು ನನ್ನನ್ನು ನಗುವುದಕ್ಕಾಗಿ ಎಷ್ಟು ಬೇಗ ಒಂದಾದರು!

ಆಗ ಕಂಡಿತು. ಡ್ರೈವು ನೀಲಿ ಬಾಯಿಯಲ್ಲಿತ್ತು. ನಾನೇ ಹಾಕಿದ್ದು. ರೂಢಿಬಲ. ಬಾಯಿ ಬಿಡದೆ ಕಿತ್ತು ಕಪ್ಪಿಗೆ ಹಾಕಿದೆ. ಡಬ್ಬಿ ಎದ್ದಿತು. ಕ್ಯಾಮೆರಾವನ್ನು ಬಾಗಿಲಿಂದ ಹೊರಕ್ಕೆ ತಿರುಗಿಸಿದರೆ ಟಿವಿಯಲ್ಲಿ ಹಿತ್ತಲು, ಬೇವಿನ ಗಿಡ, ಹಾಗೇ ಬಿಟ್ಟು ಬಂದ ಮೊರ, ಮೊರದಲ್ಲಿ ಬೇಳೆ ಕುಕ್ಕುತ್ತಿರುವ ಹುಂಜ.

"ಅಯ್ಯ, ಬ್ಯಾಳಿ!" ಎಂದು ಇಬ್ಬರೂ ಹೊರಗೆ ಓಡಿದರು. ಟಿವಿಯ ಮುಂದೆ ನಾನೊಬ್ಬಳೇ ಉಳಿದೆ.

ಹೊಲದಿಂದ ಬಂದ ಮಾವನವರು ಕೈಕಾಲು ತೊಳೆದು, ಟಿವಿಯಲ್ಲಿ ತಮ್ಮದೇ ಹಿತ್ತಲನ್ನು ನೋಡಿ, "ಛಲೋ ಕಾಣತೈತವಾ," ಎಂದಷ್ಟೇ ಹೇಳಿ ಊಟಕ್ಕೆ ಕೂತರು. ಊಟಕ್ಕೆ ನೆಗೆಣ್ಣಿಯ ಮನೆಯಿಂದ ತತ್ತಿ ಪಲ್ಯ ಬಂತು. ಯಾರ ತತ್ತಿ ಎಂದು ಯಾರೂ ಕೇಳಲಿಲ್ಲ. ಹೊರಡುವಾಗ ಡಬ್ಬಿಯನ್ನು ಗೂಡಿಗೆ ಕಟ್ಟಲೇ ಎಂದರೆ ಅಕ್ಕ ನನ್ನ ರಟ್ಟೆ ಹಿಡಿದು ಮೆಲ್ಲಗೆ ಹೇಳಿದಳು:

"ಬ್ಯಾಡವಾ, ಒಯ್ದುಬಿಡು. ಅದು ನೋಡಕೋತ ಕುಂತ್ರ ಆಕಿ ಈ ಕಡೆ ಹೆಂಗ ಬರಬೇಕು?"

ಬೇಡ ಎನ್ನುವಷ್ಟರಲ್ಲಿ ಜೋಳದ ಹೊಟ್ಟು ತುಂಬಿದ ಡಬರಿಯಲ್ಲಿ ತತ್ತಿ ಇಟ್ಟು, ಬಟ್ಟೆ ಕಟ್ಟಿ, ನನ್ನ ಚೀಲಕ್ಕೇ ಇಳಿಸಿದಳು. ಕೆಳಗೆ ಡಬ್ಬಿ, ಮೇಲೆ ತತ್ತಿ. ಬಸ್ಸಿನಲ್ಲಿ ಕೂರಲು ಜಾಗವಿರಲಿಲ್ಲ. ಕೊಪ್ಪಳ ಸಮೀಪಿಸಿದಾಗ ಡ್ರೈವರು ಎಮ್ಮೆಗಳಿಗೆ ಹೆದರಿ ಬ್ರೇಕು ಹಾಕಿದ, ನಾನು ಕಂಬಕ್ಕೆ ಬಡಿದೆ, ಚೀಲ ನನ್ನ ಮತ್ತು ಕಂಬದ ನಡುವೆ ಸಿಕ್ಕಿತು. ಇಳಿಯುವ ಹೊತ್ತಿಗೆ ಚೀಲದ ತಳದಿಂದ ಹಳದಿ ಸುರಿಯುತ್ತಿತ್ತು.

ಮನೆಯಲ್ಲಿ ಬಿಚ್ಚಿ ನೋಡಿದರೆ ಡಬ್ಬಿಯ ಮುಚ್ಚಳದ ಸಂದಿಯಲ್ಲಿ ಇಳಿದ ತತ್ತಿ ಬೋರ್ಡಿನ ತುಂಬ ಹರಡಿಕೊಂಡಿತ್ತು. ನೀಲಿ ಬಾಯಿ, ಕಪ್ಪು ಬಾಯಿ ಎಲ್ಲವೂ ಒಂದೇ ಬಣ್ಣ. ನಮ್ಮ ಮನೆಯವರು ಬಗ್ಗಿ ನೋಡಿ, "ಆತು. ಮುಗೀತು," ಎಂದರು. ಅವರ ದನಿಯಲ್ಲಿ ಕನಿಕರವಿತ್ತು. ಕನಿಕರದ ಜೊತೆಗೆ ಬಿಡುಗಡೆಯೂ ಇತ್ತು.

ನಾನೂ ಹಾಗೇ ಅಂದುಕೊಂಡೆ. ಆದರೂ ಹಾಗೆಯೇ ಎಸೆಯಲು ಕೈ ಬರಲಿಲ್ಲ. ಔಷಧದಂಗಡಿಯ ಸ್ಪಿರಿಟ್ಟು ಹಚ್ಚಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಮೂಲೆ ಮೂಲೆ ತಿಕ್ಕಿ, ಮಾಳಿಗೆಯ ಮೇಲೆ ಹಪ್ಪಳ ಒಣಗಿಸಿದ ಹಾಗೆ ಒಣಗಿಸಿದೆ. ಮರುದಿನ ಸಂಜೆ ಆಫೀಸಿನಿಂದ ಬಂದು, ಏನೂ ನಿರೀಕ್ಷೆಯಿಲ್ಲದೆ, ಡ್ರೈವನ್ನು ಕಪ್ಪು ಬಾಯಿಗೆ ಸಿಗಿಸಿ ಸ್ವಿಚ್ಚು ಒತ್ತಿದೆ.

ಒಂದೇ ಏಟಿಗೆ ಎದ್ದಿತು. ಎಲ್ಲೂ ತಡೆಯಲಿಲ್ಲ, ಎಲ್ಲೂ ತೊದಲಲಿಲ್ಲ. ಸರಿಯಾದ ಚಾರ್ಜರು, ಶುದ್ಧ ಡ್ರೈವು, ಹೊಸ ಪ್ರೋಗ್ರಾಮು ಎಂದು ನಾನು ಓಲೈಸಿದಾಗೆಲ್ಲ ಮುಖ ತಿರುವಿದ್ದು, ತತ್ತಿಯಲ್ಲಿ ಮಿಂದು ಬ್ರಷ್ಷಿನಿಂದ ತಿಕ್ಕಿಸಿಕೊಂಡ ಮೇಲೆ ಬೆಳಗಿನ ಹುಂಜದ ಹಾಗೆ ಥಟ್ಟನೆ ಎದ್ದು ಕೂತಿತ್ತು. ಪಕ್ಕದಲ್ಲಿ ನಮ್ಮ ಮನೆಯವರು ಬಾಯಿ ಮೇಲೆ ಕೈಯಿಟ್ಟುಕೊಂಡು ಅಲುಗಾಡುತ್ತಿದ್ದರು.

"ನಗಬ್ಯಾಡ್ರಿ," ಎಂದೆ.

"ನಾ ನಗಾಕತ್ತಿಲ್ಲ."

ಅವರು ನಗುತ್ತಿದ್ದರು. ನನಗೆ ಬಂದದ್ದು ಬರೀ ಸಿಟ್ಟು. ಸ್ವಿಚ್ಚು ಆರಿಸಿ, ವೈರುಗಳನ್ನೆಲ್ಲ ಕಿತ್ತು, ಟಿವಿಯನ್ನು ಅವರಿಗೆ ಬಿಟ್ಟುಕೊಟ್ಟು, ಹಿಟ್ಟು ನಾದಲು ಒಳಗೆ ಹೋದೆ. ಆವತ್ತು ತಟ್ಟಿದ ರೊಟ್ಟಿಗಳ ಸದ್ದು ಓಣಿಗೆಲ್ಲ ಕೇಳಿರಬೇಕು.